ಊರಿನ ಇಂಟರ್ನೆಟ್ಟಿಗೂ ಒಬ್ಬ ನೀರುಗಂಟಿ ಬೇಕು

‘ಸರ್ವರ್ ಬಿಜಿ ಐತೆ, ನಾಳೆ ಬಾರಜ್ಜಿ.’ ಕೆಂಕೆರೆ, ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯ ಜನರಿಗೆ ಈ ಮಾತು ಹೊಸದಲ್ಲ. ಪಿಂಚಣಿಗೋ ಪಹಣಿಗೋ ಬಂದವರು ಹೆಬ್ಬೆಟ್ಟು ಒತ್ತುತ್ತಾರೆ, ಪರದೆ ಮೇಲೆ ಚಕ್ರ ಸುತ್ತುತ್ತದೆ, ಬೆರಳು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಕೊನೆಗೆ ಎರಡರಲ್ಲಿ ಒಂದು ತೀರ್ಪು ಸಿಗುತ್ತದೆ. ಒಂದೋ ಬೆರಳಿನ ಗೆರೆ ಸವೆದಿದೆ, ಇಲ್ಲವೇ ಬೆಂಗಳೂರಿನ ಸರ್ವರ್ ಕೈಕೊಟ್ಟಿದೆ.

ಎರಡೂ ನಿಜವಿರಬಹುದು. ಕಾಯಿ ಸುಲಿದು, ಗರಿ ಹೆಣೆದು ಬದುಕಿದ ಕೈಗಳಲ್ಲಿ ಗೆರೆ ಸವೆಯುತ್ತದೆ. ಸರ್ವರ್‌ಗಳೂ ಕೈಕೊಡುತ್ತವೆ. ಆದರೆ ಯಾರೂ ಹುಡುಕದ ಮೂರನೆಯ ಕಾರಣ ಒಂದಿದೆ. ಅದು ಅದೇ ಕೋಣೆಯ ಗೋಡೆಗೆ ನೇತುಹಾಕಿದ ಮಿಣುಕು ದೀಪದ ಪೆಟ್ಟಿಗೆಯೊಳಗೆ ಇರುತ್ತದೆ. ಆ ಪೆಟ್ಟಿಗೆಯಲ್ಲೊಂದು ಸಾಲು ನಿಂತಿರುತ್ತದೆ. ಸಾಲಿನಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಮುಂದೆ ಸಿಸಿ ಕ್ಯಾಮೆರಾದ ವಿಡಿಯೊ, ಕಂಪ್ಯೂಟರಿನ ಅಪ್‌ಡೇಟ್, ಯಾರದೋ ಮೊಬೈಲಿನ ಮುನ್ನೂರು ಮದುವೆ ಫೋಟೊ ನಿಂತಿರುತ್ತವೆ.

ಆ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವ ಅವಕಾಶ ಆ ಪೆಟ್ಟಿಗೆಯಲ್ಲೇ ಇದೆ. ಎಂಜಿನಿಯರುಗಳು ಇದನ್ನು ‘ಕ್ವಾಲಿಟಿ ಆಫ್ ಸರ್ವೀಸ್’, ಚಿಕ್ಕದಾಗಿ ‘ಕ್ಯೂಒಎಸ್’ ಎನ್ನುತ್ತಾರೆ. ನಾವು ಸರದಿ ಅನ್ನೋಣ. ಈ ಸರದಿಯನ್ನು ಯಾರೂ ಕಟ್ಟದೆ ಬಿಟ್ಟಿರುವುದು ತಾಂತ್ರಿಕ ಮರೆವು ಮಾತ್ರವಲ್ಲ, ಆಡಳಿತದ ಕೊರತೆ ಕೂಡ ಎಂಬುದು ನಮ್ಮ ಅಭಿಪ್ರಾಯ. ಊರಿನ ಕೆಲಸಕ್ಕೆ ಬಂದ ಲೈನಿನಲ್ಲಿ ಯಾರ ಕೆಲಸ ಮೊದಲು ಎಂಬುದನ್ನು ಊರೇ ತೀರ್ಮಾನಿಸಬೇಕು, ಅದನ್ನು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕು.

ಪೆಟ್ಟಿಗೆಯೊಳಗಿನ ಸಾಲು

ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಫೋಟೊ, ಮಾತು, ಹೆಬ್ಬೆಟ್ಟು ಎಲ್ಲವೂ ತುಂಡುತುಂಡಾಗಿ ಹೋಗುತ್ತವೆ. ಒಂದೊಂದು ತುಂಡನ್ನು ಪ್ಯಾಕೆಟ್ ಎನ್ನುತ್ತಾರೆ. ದೊಡ್ಡ ಪ್ಯಾಕೆಟ್ ಎಂದರೆ ಸುಮಾರು 1500 ಬೈಟ್. ಕಚೇರಿಯೊಳಗಿನ ತಂತಿ, ವೈ-ಫೈ ಅಗಲವಾದ ರಸ್ತೆ. ಅಲ್ಲಿಂದ ಹೊರಗೆ ಹೋಗುವ ಲೈನು ಕಿರಿದು. ಅಗಲ ರಸ್ತೆ ಕಿರಿದಾಗುವ ಜಾಗದಲ್ಲಿ ಪ್ಯಾಕೆಟ್‌ಗಳು ನಿಂತು ಕಾಯಬೇಕು. ಕಾಯುವ ಆ ಅಂಗಳಕ್ಕೆ ಬಫರ್ ಎನ್ನುತ್ತಾರೆ.

ಒಂದು ಲೆಕ್ಕ ಹಾಕೋಣ. ಕಚೇರಿಯ ಲೈನು ಕೆಳಗಿಳಿಸಲು 20 ಎಂಬಿಪಿಎಸ್, ಮೇಲೆ ಕಳಿಸಲು 5 ಎಂಬಿಪಿಎಸ್ ಎಂದಿಟ್ಟುಕೊಳ್ಳಿ. 5 ಎಂಬಿಪಿಎಸ್ ಲೈನಿನಲ್ಲಿ ಒಂದು ದೊಡ್ಡ ಪ್ಯಾಕೆಟ್ ದಾಟಲು 2.4 ಮಿಲಿಸೆಕೆಂಡ್ ಬೇಕು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಯಾರೋ ಫೋಟೊಗಳನ್ನು ಮೇಲೆ ಕಳಿಸುತ್ತಿದ್ದಾರೆ, ಬಫರಿನಲ್ಲಿ ಅಂಥ 600 ಪ್ಯಾಕೆಟ್ ಸಾಲಾಗಿ ನಿಂತಿವೆ ಅಂದುಕೊಳ್ಳಿ. ಈಗ ಬಂದ ಹೆಬ್ಬೆಟ್ಟಿನ ಪುಟ್ಟ ಪ್ಯಾಕೆಟ್ ಸುಮಾರು ಒಂದೂವರೆ ಸೆಕೆಂಡ್ ಕಾಯಬೇಕು.

ಒಂದೂವರೆ ಸೆಕೆಂಡ್ ತಾನೇ ಅನ್ನಿಸಬಹುದು. ಆದರೆ ಒಂದು ವೆಬ್‌ಪುಟ ತೆರೆದು, ಗುರುತು ಪರೀಕ್ಷಿಸಿ, ಉತ್ತರ ಪಡೆಯಲು ಪ್ಯಾಕೆಟ್‌ಗಳು ಒಂದು ಸಲ ಹೋಗಿ ಬಂದರೆ ಸಾಲದು. ವಿಳಾಸ ಕೇಳಬೇಕು, ಸಂಪರ್ಕ ಕಟ್ಟಬೇಕು, ಬೀಗದ ಕೀಲಿ ವಿನಿಮಯ ಮಾಡಿಕೊಳ್ಳಬೇಕು, ಆಮೇಲೆ ಕೆಲಸ. ಹತ್ತು ಸಲ ಹೋಗಿ ಬಂದರೆ 15 ಸೆಕೆಂಡ್. ಅಷ್ಟರಲ್ಲಿ ಆ ಕಡೆಯ ಸರ್ವರ್ ‘ಇವರು ಮಾತಾಡುತ್ತಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಪರದೆ ಮೇಲೆ ‘ಮತ್ತೆ ಪ್ರಯತ್ನಿಸಿ’ ಎಂದು ಬರುತ್ತದೆ. ಹೆಬ್ಬೆಟ್ಟಿನ ಮಾಹಿತಿ ಎಂದರೆ ಕೆಲವೇ ಕಿಲೋಬೈಟ್. ಅದಕ್ಕೆ ಬೇಕಾದ ಜಾಗ ಅತ್ಯಲ್ಪ. ಆದರೂ ಕಿಕ್ಕಿರಿದ ಬಸ್ಸಿನ ಬಾಗಿಲಲ್ಲಿ ಕೈಗೂಸು ಸಿಕ್ಕಿಕೊಂಡಂತೆ ಅದು ಸಿಕ್ಕಿಕೊಳ್ಳುತ್ತದೆ.

ಬಫರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಪೆಟ್ಟಿಗೆ ಮಾಡುವವರು ಬಹಳ ಕಾಲ ನಂಬಿದ್ದರು. ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಲೈನನ್ನೇ ಪರೀಕ್ಷಿಸಿ ಇದು ತಪ್ಪು ಎಂದು ತೋರಿಸಿದರು. ದೊಡ್ಡ ಬಫರ್ ಪ್ಯಾಕೆಟ್‌ಗಳನ್ನು ಉಳಿಸುತ್ತದೆ, ಆದರೆ ಎಲ್ಲರನ್ನೂ ಕಾಯಿಸುತ್ತದೆ. ಈ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಾಯಿತು. ಬಫರ್ ಉಬ್ಬರ ಎನ್ನಬಹುದು. ಅಮೆರಿಕದ ಆ ಮನೆಯಲ್ಲಿದ್ದ ರೋಗಕ್ಕೂ ನಮ್ಮ ಸೇವಾ ಕೇಂದ್ರದ ಪೆಟ್ಟಿಗೆಯಲ್ಲಿ ಕಾಣುವ ರೋಗಕ್ಕೂ ವ್ಯತ್ಯಾಸವಿಲ್ಲ. ಅಲ್ಲಿ ಸಿನಿಮಾ ತಡವಾಗುತ್ತದೆ, ಇಲ್ಲಿ ಪಿಂಚಣಿ ತಡವಾಗುತ್ತದೆ.

ವೇಗ ಹೆಚ್ಚಿಸಿದರೆ ಸಾಲದೇ?

ಈ ಮಾತು ಎತ್ತಿದಾಗಲೆಲ್ಲ ಬರುವ ಮೊದಲ ಉತ್ತರ: ‘ದೊಡ್ಡ ಪ್ಲಾನ್ ಹಾಕಿಸಿ ಸ್ವಾಮಿ, ಎಲ್ಲಾ ಸರಿಹೋಗುತ್ತೆ.’

ಸರ್ಕಾರವೂ ಇದೇ ದಾರಿಯಲ್ಲಿ ಯೋಚಿಸಿದೆ. ಊರೂರಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರ್ 25ರಂದು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ಎಂಬುದು ಗುರಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಇಷ್ಟು ದುಡ್ಡು ಸುರಿಯುವುದನ್ನು ನಾವು ವಿರೋಧಿಸುವುದಿಲ್ಲ. ಫೈಬರ್ ಬರಲಿ. ಬಂದದ್ದು ಕಡಿದುಹೋಗದಂತೆ ಉಳಿಯಲಿ.

ಆದರೆ ಅಗಲ ಹೆಚ್ಚಿಸಿದ ಮಾತ್ರಕ್ಕೆ ಸಾಲು ತಪ್ಪುವುದಿಲ್ಲ. ಫೋಟೊ, ವಿಡಿಯೊ ಕಳಿಸುವ ತಂತ್ರಾಂಶಗಳು ಇರುವ ಜಾಗವನ್ನೆಲ್ಲ ತುಂಬುವಂತೆಯೇ ಕಟ್ಟಿದವು. 5 ಎಂಬಿಪಿಎಸ್ ಇದ್ದರೆ 5 ತುಂಬುತ್ತವೆ, 50 ಇದ್ದರೆ 50 ತುಂಬುತ್ತವೆ. ಲೈನು ದೊಡ್ಡದಾದರೆ ತುಂಬಿದ ಹೊತ್ತು ಕಡಿಮೆಯಾಗುತ್ತದೆ, ಅಷ್ಟು ಲಾಭ ಖಂಡಿತ ಇದೆ. ಆದರೆ ತುಂಬಿದ ಆ ಹೊತ್ತಿನಲ್ಲಿ ಯಾರು ಮೊದಲು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನಾಲ್ಕು ಇಂಚಿನ ಬೋರಿಗೆ ಬದಲು ಆರು ಇಂಚಿನ ಬೋರು ಕೊರೆಸಿದರೂ ತೋಟದ ಕೊನೆಯ ಸಾಲಿನ ತೆಂಗಿಗೆ ನೀರು ಮುಟ್ಟುತ್ತದೆಯೇ ಎಂಬುದು ವಾಲ್ವ್ ತಿರುಗಿಸುವವರ ಕೈಯಲ್ಲಿರುತ್ತದೆ. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಫೈಬರ್ ಎಂದರೆ ನಮಗೊಬ್ಬರಿಗೇ ಬೆಂಗಳೂರಿನಿಂದ ಎಳೆದ ದಾರ ಎಂದು ಅನೇಕರು ತಿಳಿದಿದ್ದಾರೆ. ಭಾರತ್‌ನೆಟ್‌ನಲ್ಲಿ ಹೆಚ್ಚಾಗಿ ಬಳಸಿದ ಜಿಪಾನ್ ಎಂಬ ವಿಧಾನದಲ್ಲಿ ಒಂದೇ ಎಳೆ ದಾರಿಯಲ್ಲಿ ಕವಲೊಡೆದು ಹಲವು ಕಡೆ ಹೋಗುತ್ತದೆ. ಆ ಕಡೆಯ ದೊಡ್ಡ ಪೆಟ್ಟಿಗೆ ಈ ಕಡೆಯ ಪ್ರತಿ ಪೆಟ್ಟಿಗೆಗೂ ‘ಈಗ ನೀನು ಮಾತಾಡು, ಈಗ ನೀನು’ ಎಂದು ಸರದಿ ಕೊಡುತ್ತದೆ. ಅಂದರೆ ಅಲ್ಲಿ ಈಗಾಗಲೇ ಒಬ್ಬ ನೀರುಗಂಟಿ ಇದ್ದಾನೆ. ನಮ್ಮ ಕಚೇರಿಯೊಳಗಿನ ಪೆಟ್ಟಿಗೆಯಲ್ಲಿ ಮಾತ್ರ ಆ ಜಾಗ ಖಾಲಿ.

ನೀರುಗಂಟಿ ಮಾಡುತ್ತಿದ್ದ ಕೆಲಸ

ಕೆಂಕೆರೆಯ ಹೆಸರಿನಲ್ಲೇ ಕೆರೆ ಇದೆ. ಹಳೇ ಮೈಸೂರಿನ ಕೆರೆ ಊರುಗಳಲ್ಲಿ ತೂಬು ಎತ್ತುವ, ಕಾಲುವೆಯಲ್ಲಿ ನೀರು ತಿರುಗಿಸುವ ಕೆಲಸ ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಅವನಿಗೆ ಕಣದಲ್ಲೇ ಕಾಳಿನ ಪಾಲು ಸಿಗುತ್ತಿತ್ತು. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಅವನನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಅವನ ಬೆಲೆ ತಿಳಿಯುತ್ತಿದ್ದುದು ಕೆರೆ ಅರ್ಧಕ್ಕೆ ನಿಂತ ವರ್ಷ.

ಅವನ ಕೆಲಸದಲ್ಲಿ ಮೂರು ಗುಣಗಳಿದ್ದವು. ಒಂದು, ಸರದಿಯ ನಿಯಮ ಅವನು ಮಾಡಿದ್ದಲ್ಲ. ಅದು ಊರಿನ ಕಟ್ಟಳೆ, ಅದನ್ನು ನಡೆಸುವುದಷ್ಟೇ ಅವನ ಪಾಲಿನದು. ಎರಡು, ನಿಯಮ ಎಲ್ಲರಿಗೂ ಗೊತ್ತಿತ್ತು. ತನ್ನ ಗದ್ದೆಗೆ ಯಾವಾಗ ನೀರು ಎಂದು ಪ್ರತಿ ಒಕ್ಕಲಿಗನಿಗೂ ಗೊತ್ತಿದ್ದರಿಂದ ಕದ್ದು ತಿರುಗಿಸಿದರೆ ಸಿಕ್ಕಿಬೀಳುತ್ತಿದ್ದರು. ಮೂರು, ಒಬ್ಬರಿಗೆ ಬೇಡವಾದ ನೀರು ಮುಂದಿನವರಿಗೆ ಹರಿಯುತ್ತಿತ್ತು, ಸುಮ್ಮನೆ ಪೋಲಾಗುತ್ತಿರಲಿಲ್ಲ.

ಆ ವ್ಯವಸ್ಥೆಯಲ್ಲಿ ಜಾತಿಯೂ ಇತ್ತು, ಗೌಡರ ದರ್ಬಾರೂ ಇತ್ತು. ಅದನ್ನು ಮರೆಮಾಚಿ ಹಳೆಯ ಕಾಲ ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ಮೂರು ಗುಣಗಳನ್ನು ಎತ್ತಿಕೊಳ್ಳಬಹುದು. ಒಳ್ಳೆಯ ಸರದಿ ನಿಯಮಕ್ಕೆ ಇವತ್ತಿನ ಎಂಜಿನಿಯರುಗಳು ಬಯಸುವ ಗುಣಗಳೂ ಇವೇ.

ಪೆಟ್ಟಿಗೆಯಲ್ಲಿ ಸರದಿ ಕಟ್ಟುವುದು ಹೇಗೆ

ಇದು ರಾಕೆಟ್ ಹಾರಿಸುವ ಕೆಲಸವಲ್ಲ. ಡಿಪ್ಲೊಮಾ ಓದಿದ ಊರಿನ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಹೆಜ್ಜೆ ನಾಲ್ಕು.

ಮೊದಲ ಹೆಜ್ಜೆ, ಸಾಲು ನಮ್ಮ ಅಂಗಳದಲ್ಲೇ ನಿಲ್ಲುವಂತೆ ಮಾಡುವುದು. ಪ್ಯಾಕೆಟ್‌ಗಳು ಕಂಪನಿಯ ಪೆಟ್ಟಿಗೆಯಲ್ಲಿ ನಿಂತರೆ ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಅದಕ್ಕೆ ನಮ್ಮ ರೂಟರಿನಲ್ಲಿ ಲೈನಿನ ವೇಗವನ್ನು ಇರುವುದಕ್ಕಿಂತ ಸ್ವಲ್ಪ ಕಡಿಮೆಗೆ ಕಟ್ಟಬೇಕು. 20 ಇದ್ದರೆ 18ಕ್ಕೆ, 5 ಇದ್ದರೆ 4.5ಕ್ಕೆ. ಇದಕ್ಕೆ ಶೇಪರ್ ಎನ್ನುತ್ತಾರೆ. ‘ಇದ್ದ ವೇಗವನ್ನೂ ಕಡಿಮೆ ಮಾಡಿಕೊಳ್ಳೋದಾ?’ ಎಂದು ಎಲ್ಲರೂ ಹುಬ್ಬೇರಿಸುವುದು ಇಲ್ಲೇ. ಹೌದು, ಹತ್ತರಲ್ಲಿ ಒಂದು ಪಾಲು ಬಿಟ್ಟುಕೊಟ್ಟು ತೂಬಿನ ಕೀಲಿಯನ್ನು ನಮ್ಮ ಕೈಗೆ ತೆಗೆದುಕೊಳ್ಳುತ್ತೇವೆ. ಈ ಹೆಜ್ಜೆ ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಏನೂ ಆಗುವುದಿಲ್ಲ. ‘ಕ್ಯೂಒಎಸ್ ಆನ್ ಮಾಡಿದ್ವಿ, ವ್ಯತ್ಯಾಸವೇ ಕಾಣಲಿಲ್ಲ’ ಎನ್ನುವ ಕಡೆ ಮೊದಲು ನೋಡಬೇಕಾದ್ದು ಇದನ್ನೇ.

ಎರಡನೆಯ ಹೆಜ್ಜೆ, ಗುಂಪು ಮಾಡುವುದು. ಈಗ ಎಲ್ಲವೂ ಬೀಗ ಹಾಕಿದ ಲಕೋಟೆಯಲ್ಲೇ ಹೋಗುವುದರಿಂದ ಒಳಗೇನಿದೆ ಎಂದು ಪೆಟ್ಟಿಗೆಗೆ ಕಾಣುವುದಿಲ್ಲ, ಕಾಣಲೂಬಾರದು. ಹಾಗಾಗಿ ಯಾವ ಕಂಪ್ಯೂಟರಿನಿಂದ ಬಂತು, ಯಾವ ವೈ-ಫೈ ಹೆಸರಿನಿಂದ ಬಂತು ಎಂದು ನೋಡಿ ಗುಂಪು ಮಾಡುವುದು ಸುಲಭ. ಸೇವಾ ಕೌಂಟರಿಗೆ ಒಂದು, ಗ್ರಂಥಾಲಯದ ಮಕ್ಕಳಿಗೆ ಒಂದು, ಕ್ಯಾಮೆರಾಗಳಿಗೆ ಒಂದು, ಬಂದುಹೋಗುವವರಿಗೆ ಒಂದು. ಪ್ಯಾಕೆಟ್ಟಿನ ತಲೆಯ ಮೇಲೆ ಆರು ಬಿಟ್‌ನ ಚೀಟಿಯೊಂದಿದೆ. ಅದರಲ್ಲಿ 0ಯಿಂದ 63ರವರೆಗೆ ಗುರುತು ಹಾಕಬಹುದು. ಮಾತಿನ ಪ್ಯಾಕೆಟ್ಟಿಗೆ 46 ಎಂಬ ಗುರುತು ವಾಡಿಕೆ. 1998ರಿಂದ ಈ ಚೀಟಿಯ ನಿಯಮ ಜಗತ್ತಿನಾದ್ಯಂತ ಒಂದೇ. ಆದರೆ ಯಾರು ಬೇಕಾದರೂ ತಮ್ಮ ಪ್ಯಾಕೆಟ್ಟಿಗೆ ತಾವೇ 46 ಅಂಟಿಸಿಕೊಳ್ಳಬಹುದು. ಆದ್ದರಿಂದ ಹೊರಗಿನ ಮೊಬೈಲಿನಿಂದ ಬಂದ ಚೀಟಿಯನ್ನು ನಂಬದೆ ಅಳಿಸಿ ನಮ್ಮದೇ ಚೀಟಿ ಹಾಕಬೇಕು. ಸಂತೆ ಬಾಗಿಲಲ್ಲಿ ಯಾರೋ ತಂದ ತೂಕದ ಚೀಟಿ ಒಪ್ಪದೆ ನಮ್ಮ ತಕ್ಕಡಿಯಲ್ಲೇ ತೂಗಿದಂತೆ.

ಮೂರನೆಯದು, ಪಾಲು ಹಂಚುವುದು. ಇದರಲ್ಲಿ ಎರಡು ಬಗೆ. ಒಂದು, ‘ಇವರು ಬಂದರೆ ಎಲ್ಲರೂ ದಾರಿ ಬಿಡಿ’ ಎನ್ನುವ ಕಡ್ಡಾಯ ಆದ್ಯತೆ. ಇದು ಆಂಬುಲೆನ್ಸಿನ ದಾರಿ. ಮಾತು, ವೈದ್ಯರ ವಿಡಿಯೊ ಕರೆಗೆ ಸರಿ. ಆದರೆ ಇದಕ್ಕೊಂದು ಮಿತಿ ಕಟ್ಟಲೇಬೇಕು, ಇಲ್ಲದಿದ್ದರೆ ಆ ಗುಂಪು ಉಳಿದವರನ್ನು ಉಪವಾಸ ಕೆಡವುತ್ತದೆ. ಇನ್ನೊಂದು, ‘ನಿನಗೆ ಕನಿಷ್ಠ ಇಷ್ಟು ಪಾಲು ಖಚಿತ, ಮಿಕ್ಕವರು ಬಳಸದಿದ್ದರೆ ಅದೂ ನಿನ್ನದೇ’ ಎನ್ನುವ ತೂಕದ ಹಂಚಿಕೆ. ಹೆಚ್ಚಿನ ಕೆಲಸಗಳಿಗೆ ಇದೇ ಸರಿ.

ನಾಲ್ಕನೆಯದು, ಒಂದೊಂದು ಗುಂಪಿನೊಳಗೂ ಬಫರ್ ಉಬ್ಬದಂತೆ ನೋಡಿಕೊಳ್ಳುವುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ‘ಕೋಡೆಲ್’ ಎಂಬ ಉಪಾಯ ಕೊಟ್ಟರು. ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸುವ ಬದಲು ಒಬ್ಬೊಬ್ಬರು ಎಷ್ಟು ಹೊತ್ತು ಕಾದರು ಎಂದು ಅದು ಅಳೆಯುತ್ತದೆ. 100 ಮಿಲಿಸೆಕೆಂಡ್ ಉದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದೇ ಹೋದರೆ ಒಂದು ಪ್ಯಾಕೆಟ್ ಕೈಬಿಟ್ಟು, ಕಳಿಸುವವರಿಗೆ ‘ಸ್ವಲ್ಪ ನಿಧಾನ’ ಎಂದು ಸೂಚಿಸುತ್ತದೆ. ಅದರ ಮುಂದಿನ ರೂಪ ‘ಎಫ್‌ಕ್ಯೂ-ಕೋಡೆಲ್’ ಪ್ರತಿ ಸಂಭಾಷಣೆಗೂ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡುತ್ತದೆ. ಮುನ್ನೂರು ಫೋಟೊದವರ ಸಾಲು ಉದ್ದವಾದರೆ ಅವರೇ ಕಾಯುತ್ತಾರೆ. ಒಂದೇ ಹೆಬ್ಬೆಟ್ಟು ತಂದವರು ಬಂದ ಕೂಡಲೇ ಹೋಗುತ್ತಾರೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಒಪ್ಪುವ ರೂಟರುಗಳಲ್ಲಿ ಇದು ಉಚಿತವಾಗಿ ಸಿಗುತ್ತದೆ. ಬೇರೇನೂ ಮಾಡಲಾಗದಿದ್ದರೆ ಮೊದಲ ಹೆಜ್ಜೆ ಮತ್ತು ಈ ನಾಲ್ಕನೆಯ ಹೆಜ್ಜೆ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ.

ನಾವು ಮುಂದಿಡುವ ಪಟ್ಟಿ

ಹರಟೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ಪಟ್ಟಿ ಬರೆದಾಗ ಜಗಳ ಶುರುವಾಗುತ್ತದೆ. ಆದರೂ ಬರೆಯಬೇಕು. ಮೇಲೆ ಹೇಳಿದ 4.5 ಎಂಬಿಪಿಎಸ್ ಅಪ್‌ಲೋಡಿಗೆ ನಮ್ಮ ಪಟ್ಟಿ ಹೀಗಿದೆ.

ಒಂದನೇ ಸಾಲು: ವೈದ್ಯರ ವಿಡಿಯೊ ಸಲಹೆ ಮತ್ತು ಕಚೇರಿಯ ದೂರವಾಣಿ ಮಾತು. ಇ-ಸಂಜೀವಿನಿಯಂಥ ಸೇವೆಯಲ್ಲಿ ಮಾತು ತುಂಡಾದರೆ ವೈದ್ಯರು ರೋಗಿಯ ಮಾತು ತಪ್ಪಾಗಿ ಕೇಳಿಸಿಕೊಳ್ಳಬಹುದು. ಕಡ್ಡಾಯ ಆದ್ಯತೆ, ಆದರೆ 1.5 ಎಂಬಿಪಿಎಸ್ ಮೀರುವಂತಿಲ್ಲ.

ಎರಡನೇ ಸಾಲು: ಹೆಬ್ಬೆಟ್ಟು, ಪಿಂಚಣಿ, ಪಹಣಿ, ಇ-ಸ್ವತ್ತು, ಅರ್ಜಿಗಳು. ಉಳಿದದ್ದರಲ್ಲಿ ಅರ್ಧ ಪಾಲು ಖಚಿತ. ಇವು ಅಷ್ಟು ಜಾಗ ತಿನ್ನುವುದೂ ಇಲ್ಲ. ತಿನ್ನದೆ ಉಳಿದದ್ದು ಕೆಳಗಿನವರಿಗೆ ತಾನಾಗಿ ಹರಿಯುತ್ತದೆ.

ಮೂರನೇ ಸಾಲು: ಗ್ರಂಥಾಲಯದ ಮಕ್ಕಳ ಓದು, ಪರೀಕ್ಷೆ ಅರ್ಜಿ, ಕೊಬ್ಬರಿ ಧಾರಣೆ ನೋಡುವವರು, ಸಾಮಾನ್ಯ ಬಳಕೆ. ಉಳಿದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ನಾಲ್ಕನೇ ಸಾಲು: ಸಿಸಿ ಕ್ಯಾಮೆರಾದ ವಿಡಿಯೊ ದೂರಕ್ಕೆ ಕಳಿಸುವುದು, ಕಂಪ್ಯೂಟರ್ ಅಪ್‌ಡೇಟ್, ಫೋಟೊ ಬ್ಯಾಕಪ್. ಮಿಕ್ಕ ಪಾಲು. ಹಗಲು ಹೊಟ್ಟೆಗಷ್ಟು, ರಾತ್ರಿ ಬೇಕಾದಷ್ಟು. ನಾಲ್ಕು ಕ್ಯಾಮೆರಾ ತಲಾ 1 ಎಂಬಿಪಿಎಸ್ ಕಳಿಸಿದರೆ ನಮ್ಮ ಲೈನಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ವಿಡಿಯೊ ಕಚೇರಿಯ ಡಬ್ಬಿಯಲ್ಲೇ ಉಳಿದರೆ ಸಾಕು, ಖಾಲಿ ವರಾಂಡವನ್ನು ಹಗಲೆಲ್ಲ ಹೊರಗೆ ಕಳಿಸುವ ಅಗತ್ಯವಿಲ್ಲ.

ಈ ಪಟ್ಟಿ ಎಲ್ಲ ಕಾಲಕ್ಕೂ ಒಂದೇ ಇರಬೇಕಿಲ್ಲ. ಬೆಂಬಲ ಬೆಲೆಗೆ ಕೊಬ್ಬರಿ ಖರೀದಿ ನೋಂದಣಿ ಶುರುವಾದ ವಾರ ನಮ್ಮ ಕಡೆಯ ಊರುಗಳಿಗೆ ಅದೇ ಮೊದಲ ಕೆಲಸ. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ, ಅದರ ಮೇಲೆ ರಾಜ್ಯದ 1,500 ರೂಪಾಯಿ ಸೇರಿತ್ತು. ಅಂಥ ನೋಂದಣಿಯಲ್ಲಿ ಮುಗಿಯುವ ದಿನ ಒಂದು ಗಂಟೆ ಹಿಂದೆ ಬಿದ್ದರೂ ರೈತನ ಪಾಲು ತಪ್ಪಬಹುದು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಇ-ಟೆಂಡರ್ ನಡೆಯುವ ಹೊತ್ತೂ ಹಾಗೇ. ನಿಗದಿತ ವೇಳೆಯೊಳಗೆ ಬರದ ಬೆಲೆ ಲೆಕ್ಕಕ್ಕಿಲ್ಲ. ಅಂಥ ದಿನಗಳಿಗೆ ಬೇರೆ ಸರದಿ ಬರೆದಿಟ್ಟು ಗುಂಡಿ ಒತ್ತಿ ಬದಲಿಸಬಹುದು.

ಮುಂದಿನ ಸಾಲಿನ ಮಾನ ಕೆಡದಿರಲಿ

ಈಗ ನಮಗೆ ನಿಜವಾದ ಭಯ ಹುಟ್ಟಿಸುವ ಮಾತಿಗೆ ಬರೋಣ. ಆದ್ಯತೆ ಕೊಡುವ ಕೀಲಿ ಒಬ್ಬರ ಕೈಗೆ ಸಿಕ್ಕರೆ ಏನಾಗುತ್ತದೆ? ‘ನಮ್ಮ ಮೆಂಬರ್ ಮೊಬೈಲ್ ಒಂದನೇ ಸಾಲಿಗೆ ಹಾಕಪ್ಪ’ ಎಂಬ ಮಾತು ಬರಲು ಒಂದು ವಾರ ಸಾಕು. ಆಮೇಲೆ ಅವರ ಭಾಮೈದ, ಆಮೇಲೆ ಕಂಟ್ರಾಕ್ಟರು. ಎಲ್ಲರೂ ಒಂದನೇ ಸಾಲಿಗೆ ಬಂದರೆ ಸಾಲೇ ಇಲ್ಲ.

ಈ ಭಯ ದೇಶಮಟ್ಟದಲ್ಲೂ ಬಂದಿತ್ತು. ಕೆಲವೇ ಜಾಲತಾಣಗಳನ್ನು ಪುಕ್ಕಟೆ ಕೊಡುವ ಯೋಜನೆಗಳು ಬಂದಾಗ ದೊಡ್ಡ ಚರ್ಚೆಯಾಗಿ, 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಜಾಲತಾಣ ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. 2017ರ ನವೆಂಬರ್‌ನಲ್ಲಿ ಅದು ಮಾಡಿದ ಶಿಫಾರಸನ್ನು ಸರ್ಕಾರ 2018ರಲ್ಲಿ ಒಪ್ಪಿತು. ಒಬ್ಬರ ಜಾಲತಾಣವನ್ನು ತಡೆಯುವುದು, ನಿಧಾನ ಮಾಡುವುದು, ಇನ್ನೊಬ್ಬರದನ್ನು ಮುಂದೆ ಬಿಡುವುದು ಕಂಪನಿಗಳಿಗೆ ನಿಷಿದ್ಧ. ಆದರೆ ಲೈನು ಚೆನ್ನಾಗಿ ನಡೆಯಲು ಬೇಕಾದ ನ್ಯಾಯವಾದ ದಟ್ಟಣೆ ನಿರ್ವಹಣೆಗೆ ಅವಕಾಶ ಇದೆ, ಅದು ಪಾರದರ್ಶಕವಾಗಿರಬೇಕು.

ಆ ನಿಯಮ ಸೇವೆ ಮಾರುವ ಕಂಪನಿಗಳಿಗೆ ಮಾಡಿದ್ದು. ಆದರೂ ಅದರ ತಿರುಳನ್ನು ನಮ್ಮ ಕಚೇರಿಯ ಪೆಟ್ಟಿಗೆಗೂ ತೆಗೆದುಕೊಳ್ಳಬೇಕು ಎನ್ನುತ್ತೇವೆ. ಕೆಲಸ ನೋಡಿ ಸರದಿ ಕೊಡಿ, ಮುಖ ನೋಡಿ ಬೇಡ. ವೈದ್ಯರ ಕರೆ ಮುಂದೆ ಹೋಗಲಿ, ಅದು ಕೂಲಿಯವರದಾದರೂ ಸರಿ ಅಧ್ಯಕ್ಷರದಾದರೂ ಸರಿ. ಈ ಕಂಪನಿಯ ಆಪ್ ಮುಂದೆ, ಆ ಕಂಪನಿಯದು ಹಿಂದೆ ಎಂಬುದೂ ಬೇಡ. ಪೆಟ್ಟಿಗೆಯಲ್ಲಿ ಯಾವ ವ್ಯಕ್ತಿಯ ಹೆಸರೂ ಇರಬಾರದು.

‘ಮಕ್ಕಳು ರೀಲ್ಸ್ ನೋಡ್ತಾರೆ, ಅವರನ್ನು ಕೊನೆಗೆ ಹಾಕಿ’ ಎನ್ನುವವರೂ ಇದ್ದಾರೆ. ನಾವು ಒಪ್ಪುವುದಿಲ್ಲ. ಗ್ರಂಥಾಲಯದ ಅರಿವು ಕೇಂದ್ರಕ್ಕೆ ಬರುವ ಹುಡುಗಿಗೆ ಮನೆಯಲ್ಲಿ ಸ್ವಂತ ಮೊಬೈಲ್ ಇಲ್ಲದಿರಬಹುದು. ಅವಳಿಗೆ ಆ ಒಂದು ಗಂಟೆಯೇ ಇಂಟರ್ನೆಟ್. ಸರದಿಯ ಹೆಸರಿನಲ್ಲಿ ನೀತಿಪಾಠ ಶುರುವಾದರೆ ಮೊದಲು ಹೊರಬೀಳುವವರು ಹೆಣ್ಣುಮಕ್ಕಳು. ಅದಕ್ಕೇ ಮೂರನೇ ಸಾಲಿಗೂ ಖಚಿತ ಪಾಲು ಬರೆದಿದ್ದೇವೆ.

ನಂಬಬೇಡಿ, ಅಳೆಯಿರಿ

‘ಎಲ್ಲಾ ಸೆಟ್ ಮಾಡಿದೀವಿ’ ಎಂದರೆ ಒಪ್ಪಬೇಡಿ. ಪರೀಕ್ಷೆ ಸುಲಭ. ಒಂದು ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆ ಕೊಟ್ಟು ಬಿಟ್ಟರೆ, ಒಂದು ಪ್ಯಾಕೆಟ್ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಎಂದು ಪ್ರತಿ ಸೆಕೆಂಡಿಗೂ ತೋರಿಸುತ್ತದೆ. ಲೈನು ಸುಮ್ಮನಿದ್ದಾಗ ಎಷ್ಟಿದೆ ಬರೆದುಕೊಳ್ಳಿ. ಆಮೇಲೆ ಇನ್ನೊಂದು ಮೊಬೈಲಿನಿಂದ ದೊಡ್ಡ ವಿಡಿಯೊ ಮೇಲೆ ಕಳಿಸಿ, ಅದೇ ಸಂಖ್ಯೆ ನೋಡಿ. 30 ಇದ್ದದ್ದು 1,500ಕ್ಕೆ ಏರಿದರೆ ನಿಮ್ಮ ಪೆಟ್ಟಿಗೆಯಲ್ಲಿ ನೀರುಗಂಟಿ ಇಲ್ಲ. 30 ಇದ್ದದ್ದು 50, 60ರಲ್ಲಿ ನಿಂತರೆ ಇದ್ದಾನೆ. ಮಾತಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಒಳಗಿದ್ದರೆ ಕಿವಿಗೆ ತಡ ಗೊತ್ತಾಗುವುದಿಲ್ಲ ಎಂಬುದು ಅಂತರರಾಷ್ಟ್ರೀಯ ಲೆಕ್ಕ.

ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಲೈನು ಸುಮ್ಮನಿದ್ದಾಗಲೂ ಹೆಬ್ಬೆಟ್ಟು ಹೋಗದಿದ್ದರೆ ತಪ್ಪು ನಮ್ಮ ಸಾಲಿನದಲ್ಲ ಎಂದು ಗೊತ್ತಾಗುತ್ತದೆ. ಆಗ ನಿಜಕ್ಕೂ ಸರ್ವರ್ ಅಥವಾ ಬೆರಳು. ಜೆಸಿಬಿ ಹಲ್ಲಿಗೆ ಸಿಕ್ಕು ಫೈಬರ್ ತುಂಡಾಗಿದ್ದರೆ, ಕರೆಂಟ್ ಹೋಗಿ ಯುಪಿಎಸ್ ಸತ್ತಿದ್ದರೆ ಯಾವ ಸರದಿಯೂ ಸಹಾಯಕ್ಕೆ ಬರುವುದಿಲ್ಲ. ಕೆರೆಯೇ ಬತ್ತಿದರೆ ನೀರುಗಂಟಿ ಏನು ಮಾಡಿಯಾನು? ಕಂಪನಿಯ ಕಡೆಯ ತಡಕ್ಕೆ ಕಂಪನಿಯನ್ನೇ ಕೇಳಬೇಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮಗಳಲ್ಲಿ ವೇಗದ ಜೊತೆ ತಡಕ್ಕೂ ಅಳತೆಗೋಲು ಇದೆ. ನಮ್ಮ ಕಡೆ ಲೆಕ್ಕ ಬರೆದಿಟ್ಟಿದ್ದರೆ ಆ ಕಡೆಯವರ ಹತ್ತಿರ ಮಾತಾಡಲು ಬಲ ಬರುತ್ತದೆ.

ಊರವರೇ ನಡೆಸುವ ಜಾಲ ಎಂದರೆ ಕನಸಿನ ಮಾತು ಎನ್ನುವವರಿಗೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ದೇವರಾಯನದುರ್ಗದ ಕಡೆ ಜನಸ್ತು ಎಂಬ ಸಂಸ್ಥೆ ಊರಿನವರ ಜೊತೆ ಸೇರಿ ಸಮುದಾಯದ ವೈ-ಫೈ ಮೆಶ್ ಜಾಲ ಕಟ್ಟುವ ಕೆಲಸ ಮಾಡಿದೆ. ಜಾಲವನ್ನೇ ಕಟ್ಟಲು ಸಾಧ್ಯ ಎಂದಾದರೆ, ಇರುವ ಪೆಟ್ಟಿಗೆಯಲ್ಲಿ ಸರದಿ ಬರೆಯುವುದು ದೊಡ್ಡ ಮಾತಲ್ಲ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಚರಂಡಿ, ಬೀದಿದೀಪ, ಕುಡಿಯುವ ನೀರಿನ ಜೊತೆ ಮುಂದಿನ ಸಭೆಯಲ್ಲಿ ಐದು ಪ್ರಶ್ನೆ ಕೇಳೋಣ.

ನಮ್ಮ ಪಂಚಾಯಿತಿಗೆ ಬಂದ ಲೈನು ಎಷ್ಟು ವೇಗದ್ದು, ಅಪ್‌ಲೋಡ್ ಎಷ್ಟು? ರೂಟರಿನ ಪಾಸ್‌ವರ್ಡ್ ಕಚೇರಿಯ ಲಕೋಟೆಯಲ್ಲಿ ಇದೆಯೇ, ಅಥವಾ ಅದನ್ನು ಕೂರಿಸಿ ಹೋದವರ ಜೇಬಿನಲ್ಲಿ ಇದೆಯೇ? ಅದರಲ್ಲಿ ಸರದಿ ಕಟ್ಟಿದೆಯೇ, ಕಟ್ಟಿದ್ದರೆ ಯಾರು ಮುಂದೆ? ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತೀರಾ? ತಿಂಗಳಿಗೊಮ್ಮೆ ಪಿಂಗ್ ಪರೀಕ್ಷೆ ಮಾಡಿ ಆ ಪಟ್ಟಿಯ ಪಕ್ಕದಲ್ಲೇ ಸಂಖ್ಯೆ ಬರೆಯುವವರು ಯಾರು?

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಸಾರ್ವಜನಿಕ ಹಣದಲ್ಲಿ ಬಂದ ಲೈನು ಅದು. ಪಾಸ್‌ವರ್ಡ್ ಗುಟ್ಟಾಗಿರಲಿ, ಸರದಿಯ ನಿಯಮ ಗುಟ್ಟಾಗಿರಲು ಕಾರಣವಿಲ್ಲ.

ಪಿಡಿಒ ಸಾಹೇಬರ ಮೇಲೆ ಮತ್ತೊಂದು ಹೊರೆ ಹಾಕುವ ಮಾತಲ್ಲ ಇದು. ಕೌಂಟರಿನಲ್ಲಿ ಕೂತ ಹುಡುಗಿಗೆ ದಿನವಿಡೀ ‘ನಾಳೆ ಬನ್ನಿ’ ಎಂದು ಹೇಳಿ ಬೈಸಿಕೊಳ್ಳುವ ಕಷ್ಟ ಎಷ್ಟು ಎಂದು ನಮಗೆ ಗೊತ್ತು. ಒಂದು ಮಧ್ಯಾಹ್ನದ ಕೆಲಸ ಅವಳ ಆ ಕಷ್ಟವನ್ನೂ ಕಡಿಮೆ ಮಾಡೀತು. ಊರಿನಲ್ಲಿ ನೆಟ್‌ವರ್ಕ್ ಗೊತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗ ಒಂದು ಗಂಟೆ ಕೂರಿಸಿಕೊಳ್ಳಿ. ಸೆಟ್ಟಿಂಗ್ ಮಾಡಲು ಅವರು ಸಾಕು. ಆದರೆ ಪಟ್ಟಿಯನ್ನು ಅವರ ಕೈಯಲ್ಲಿ ಬರೆಸಬೇಡಿ. ಅದನ್ನು ಸಭೆಯಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿ ಆಮೇಲೆ ಅವರ ಕೈಗೆ ಕೊಡಿ.

ನಿಮ್ಮ ಪಂಚಾಯಿತಿಯಲ್ಲಿ ಪಿಂಗ್ ಪರೀಕ್ಷೆ ಮಾಡಿ ನೋಡಿದರೆ ಎರಡೂ ಸಂಖ್ಯೆ ನಮಗೆ ಕಳಿಸಿ: ಲೈನು ಸುಮ್ಮನಿದ್ದಾಗ ಎಷ್ಟು, ತುಂಬಿದಾಗ ಎಷ್ಟು. ಊರಿನ ಹೆಸರು, ದಿನಾಂಕ, ಹೊತ್ತು ಇಷ್ಟಿದ್ದರೆ ಸಾಕು. ಹತ್ತು ಊರಿನ ಲೆಕ್ಕ ಸೇರಿದರೆ ತಾಲ್ಲೂಕು ಪಂಚಾಯಿತಿಯ ಮುಂದೆ ಇಡಲು ನಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.